ಕೈ ಕುಲುಕಿಸಿ ಕಳಿಸುವ ನ್ಯಾಯ

ಮೇಷ್ಟ್ರಾಗಿದ್ದ ವರ್ಷಗಳಲ್ಲಿ ಮಕ್ಕಳ ಜಗಳ ಎಷ್ಟು ಬಿಡಿಸಿದ್ದೇನೋ ಲೆಕ್ಕವಿಲ್ಲ. ಬಹುಪಾಲು ಮರೆತೂ ಹೋಗಿವೆ. ಒಂದು ಮಾತ್ರ ಮರೆತಿಲ್ಲ.

ಏಳನೇ ತರಗತಿಯ ಹುಡುಗ. ಮಧ್ಯಾಹ್ನದ ವಿರಾಮದಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಅಂದರೂ ಬರಲಿಲ್ಲ, ನಾನೇ ಎದ್ದು ಹೋದೆ. 'ಸರ್, ಅವನು ದಿನಾ...' ಅಂದು ನಿಲ್ಲಿಸಿದ. ಮುಂದಿನ ಪೀರಿಯಡ್ಡಿಗೆ ಇನ್ನು ಏಳು ನಿಮಿಷ ಇತ್ತು. 'ದಿನಾ' ಅನ್ನುವ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. 'ಅವನು' ಯಾರು ಅಂತ ಕೇಳಿ, ಅವನನ್ನೂ ಕರೆಸಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ.

'ಏನೋ ಮಾಡ್ದೆ?'
'ಏನಿಲ್ಲ ಸರ್, ಸುಮ್ನೆ ತಮಾಷೆಗೆ.'
'ಇವನಿಗೆ ಇಷ್ಟ ಇಲ್ಲ ಅಂದ್ಮೇಲೆ ಅದೆಂಥಾ ತಮಾಷೆ? ಸಾರಿ ಕೇಳು.'

ಕೇಳಿದ. ನಾನು ಈ ಕಡೆ ತಿರುಗಿ, ನೀನೂ ಸಣ್ಣಪುಟ್ಟದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದೆ. ಕೈ ಕುಲುಕಿ ಅಂದೆ, ಕುಲುಕಿದರು. ಬೆಲ್ ಹೊಡೆಯಿತು. ಏಳು ನಿಮಿಷದಲ್ಲಿ ಒಂದು ನ್ಯಾಯ ತೀರಿಸಿದ ಸಮಾಧಾನದಲ್ಲಿ ಪಾಠಕ್ಕೆ ಹೋದೆ.

ಆ ಹುಡುಗ ಮತ್ತೆ ಬರಲಿಲ್ಲ. ಬರಲಿಲ್ಲ ಅಂದರೆ ಸರಿಹೋಯಿತು ಅಂತ ಅರ್ಥ ಮಾಡಿಕೊಂಡೆ. ವರ್ಷದ ಕೊನೆಗೆ ಅವನು ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಹೋದಾಗಲೂ ನನಗೆ ಏನೂ ಹೊಳೆಯಲಿಲ್ಲ. ಮತ್ತೂ ಎರಡೋ ಮೂರೋ ವರ್ಷ ಕಳೆದ ಮೇಲೆ ಅದೇ ತರಗತಿಯ ಹುಡುಗಿಯೊಬ್ಬಳು, ಶಾಲೆ ಮುಗಿಸಿ ಹೋಗುವ ದಿನ, ಯಾವುದೋ ಮಾತಿಗೆ ಮಾತು ಬಂದು ಹೇಳಿದಳು. 'ಅವತ್ತು ನೀವು ಕೈ ಕುಲುಕಿಸಿದ್ರಲ್ಲ ಸರ್, ಆಗ ಅವನ ಬೆರಳು ಹಿಂಡಿದ್ನಂತೆ. ಹೆಂಗೆ ಹಿಂಡಿದೆ ಅಂತ ಕ್ಲಾಸಿಗೆ ಬಂದು ಎಲ್ಲರಿಗೂ ಮಾಡಿ ತೋರಿಸ್ದ. ಎಲ್ಲಾ ನಕ್ರು.'

ನೀನೂ ನಕ್ಕೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೂಂ ಅಂದಳು.

ಈ ಬರಹಕ್ಕೆ ಕಾರಣ ಆ 'ಹೂಂ'. ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಗೋಳು ಹೊಯ್ದುಕೊಳ್ಳುವುದನ್ನು, ಈಗ ಎಲ್ಲರೂ ಬುಲ್ಲಿಯಿಂಗ್ ಅನ್ನುವುದನ್ನು, ನಾವು ದೊಡ್ಡವರು ಇಬ್ಬರ ನಡುವಿನ ವ್ಯಾಜ್ಯ ಅಂತಲೇ ನೋಡುತ್ತೇವೆ. ಒಬ್ಬ ವಾದಿ, ಒಬ್ಬ ಪ್ರತಿವಾದಿ, ನಡುವೆ ನಾವು. ಇಬ್ಬರನ್ನೂ ಕರೆಸಿ ರಾಜಿ ಮಾಡಿಸಿದರೆ ಫೈಲು ಮುಚ್ಚಿತು. ನನ್ನ ಅನುಭವದಲ್ಲೂ, ಆಮೇಲೆ ಓದಿಕೊಂಡದ್ದರಲ್ಲೂ, ಇದಕ್ಕಿಂತ ಕೆಟ್ಟ ದಾರಿ ಕಾಣಲಿಲ್ಲ. ಏನೂ ಮಾಡದೆ ಬಿಡುವುದಕ್ಕಿಂತಲೂ ಕೆಲವು ಸಲ ಇದು ಕೆಟ್ಟದ್ದು. ಏನೂ ಮಾಡದ ಮೇಷ್ಟ್ರ ಬಗ್ಗೆ ಮಗುವಿಗೆ ಇನ್ನೂ ಒಂದಿಷ್ಟು ಆಸೆ ಉಳಿದಿರುತ್ತದೆ. ಕೈ ಕುಲುಕಿಸಿ ಕಳಿಸಿದವನ ಬಗ್ಗೆ ಅದೂ ಉಳಿಯುವುದಿಲ್ಲ.

ಜಗಳಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಬಿಡಿಸಿ ಹೇಳಿದವರು ಡ್ಯಾನ್ ಓಲ್ವೆಯುಸ್. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ, 1970ರ ದಶಕದಿಂದಲೇ ಇದರ ಬೆನ್ನು ಹತ್ತಿದವರು. ಮೂರು ಗುರುತು ಕೊಟ್ಟರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಇಬ್ಬರ ಬಲದಲ್ಲಿ ಅಂತರ ಇರುವುದು. ಬಲ ಅಂದರೆ ಮೈಕಟ್ಟೇ ಆಗಬೇಕಿಲ್ಲ. ಗೆಳೆಯರ ದಂಡು ಇರುವುದು, ಮಾತಿನ ಚುರುಕು, ಇನ್ನೊಬ್ಬನ ಗುಟ್ಟು ಗೊತ್ತಿರುವುದು, ಎಲ್ಲವೂ ಬಲವೇ. ನಮ್ಮಲ್ಲಿ ಇದನ್ನು ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಾರೆ: ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆಕ್ಕನ್ನೂ ಇಲಿಯನ್ನೂ ಕರೆಸಿ 'ಇಬ್ಬರೂ ಹೊಂದಿಕೊಂಡು ಹೋಗಿ' ಅಂದರೆ ಅದಕ್ಕೆ ಅರ್ಥವಿದೆಯೇ? ನಾನು ಮಾಡಿದ್ದು ಅದನ್ನೇ.

ಇನ್ನೊಂದು ಗಾದೆ ಸ್ಟಾಫ್ ರೂಮುಗಳಲ್ಲಿ ಬಹಳ ಓಡಾಡುತ್ತದೆ, ಎರಡು ಕೈ ಸೇರದೆ ಚಪ್ಪಾಳೆ ಆಗಲ್ಲ ಅನ್ನುವುದು. ನಿಜ, ಚಪ್ಪಾಳೆಗೆ ಎರಡು ಕೈ ಬೇಕು. ಕಪಾಳಕ್ಕೆ ಬಾರಿಸಲು ಒಂದೇ ಸಾಕು.

ಓಲ್ವೆಯುಸ್ ಹೇಳುತ್ತಲೇ ಇದ್ದರೂ ಸರ್ಕಾರ ಎದ್ದು ಕೂತದ್ದು ಸಾವು ಕಂಡ ಮೇಲೆ. 1982ರ ಕೊನೆಯ ಹೊತ್ತಿಗೆ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣ ಅನ್ನುವ ಸುದ್ದಿ ಇಡೀ ದೇಶವನ್ನು ಅಲ್ಲಾಡಿಸಿತು. 1983ರಲ್ಲಿ ದೇಶಾದ್ಯಂತ ಆಂದೋಲನ ಶುರುವಾಯಿತು. ಬರ್ಗೆನ್ ಸುತ್ತಲಿನ 42 ಶಾಲೆಗಳಲ್ಲಿ, ಸುಮಾರು 2,500 ಮಕ್ಕಳ ನಡುವೆ ಓಲ್ವೆಯುಸ್ ತಮ್ಮ ಕಾರ್ಯಕ್ರಮ ನಡೆಸಿ ನೋಡಿದರು. ಎರಡು ವರ್ಷದಲ್ಲಿ ಕಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅವರು ಮಾಡಿದ್ದರಲ್ಲಿ ಅದ್ಭುತವಾದದ್ದು ಏನೂ ಇರಲಿಲ್ಲ. ಮೊದಲು ಮಕ್ಕಳಿಂದ ಹೆಸರು ಬರೆಯದ ಪ್ರಶ್ನಾವಳಿ ತುಂಬಿಸಿ, ಎಷ್ಟು ನಡೆಯುತ್ತಿದೆ ಅಂತ ಶಾಲೆಗೆ ಅದರದೇ ಅಂಕಿ ತೋರಿಸಿದರು. ವಿರಾಮದಲ್ಲಿ ದೊಡ್ಡವರು ಮೈದಾನದಲ್ಲಿ, ಕಾರಿಡಾರಿನಲ್ಲಿ ಓಡಾಡುವಂತೆ ಮಾಡಿದರು. ತರಗತಿಯಲ್ಲಿ ಮಕ್ಕಳೊಂದಿಗೇ ಕೂತು ನಿಯಮ ಮಾಡಿಸಿ, ವಾರಕ್ಕೊಮ್ಮೆ ಅದರ ಬಗ್ಗೆ ಮಾತಾಡಿಸಿದರು. ಗೊತ್ತಾದ ಪ್ರಕರಣಗಳಲ್ಲಿ ಗಂಭೀರವಾಗಿ, ಬೇರೆಬೇರೆಯಾಗಿ ಮಾತಾಡಿದರು.

ಬೇರೆಬೇರೆಯಾಗಿ ಅನ್ನುವುದು ಮುಖ್ಯ. ದೂರು ಕೊಟ್ಟ ಮಗುವನ್ನು ಕಾಟ ಕೊಟ್ಟವನ ಎದುರು ನಿಲ್ಲಿಸಿ 'ಈಗ ಹೇಳು' ಅಂದರೆ ಅದು ಹೇಳುವುದಿಲ್ಲ. ಹೇಳಿದರೂ ಅರ್ಧ ಹೇಳುತ್ತದೆ. ನಮಗೆ ಆ ಅರ್ಧವೇ ಪೂರ್ತಿ ಅನ್ನಿಸಿ, 'ಇಷ್ಟೇನಾ?' ಅನ್ನುತ್ತೇವೆ. ಆ 'ಇಷ್ಟೇನಾ' ಕೇಳಿಸಿಕೊಂಡ ಮಗು ಮುಂದೆ ಯಾವ ದೊಡ್ಡವರ ಹತ್ತಿರವೂ ಬಾಯಿ ಬಿಡುವುದಿಲ್ಲ. 2011ರಲ್ಲಿ ಕೇಂಬ್ರಿಜ್‌ನ ಸಂಶೋಧಕರಾದ ಟೊಫಿ ಮತ್ತು ಫ್ಯಾರಿಂಗ್ಟನ್ ಶಾಲೆಗಳಲ್ಲಿ ಕಾಟ ತಡೆಯುವ 44 ಕಾರ್ಯಕ್ರಮಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದರು. ಒಳ್ಳೆಯ ಸುದ್ದಿ ಏನೆಂದರೆ ಇಂಥ ಪ್ರಯತ್ನಗಳಿಂದ ಸರಾಸರಿ ಐದನೇ ಒಂದು ಭಾಗದಷ್ಟು ಕಾಟ ಕಡಿಮೆಯಾಗುತ್ತದೆ. ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ: ಮಕ್ಕಳನ್ನೇ ಮಧ್ಯಸ್ಥರನ್ನಾಗಿ ಮಾಡಿ ರಾಜಿ ಮಾಡಿಸುವಂಥ ಕ್ರಮಗಳಿದ್ದ ಕಡೆ ನೋವು ತಿನ್ನುವವರ ಪ್ರಮಾಣ ಹೆಚ್ಚಾದದ್ದು ಕಂಡಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಿಂದಲೂ ಹಾನಿ ಆಗಬಹುದು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಆದರೂ ಓದಿದಾಗ ಒಂದು ಕ್ಷಣ ಪುಟ ಮುಚ್ಚಿಟ್ಟೆ.

ಹಾಗಾದರೆ ಕಠಿಣ ಶಿಕ್ಷೆಯೇ ಸರಿ, ಒಂದು ಸಲ ಸಿಕ್ಕಿಬಿದ್ದರೆ ಶಾಲೆಯಿಂದಲೇ ಹೊರಗೆ ಹಾಕಿ ಅನ್ನುವವರು ಕಾಮೆಂಟಿನಲ್ಲಿ ಬಂದೇ ಬರುತ್ತಾರೆ. ಅಮೆರಿಕದ ಶಾಲೆಗಳು ಆ ದಾರಿಯನ್ನು ವರ್ಷಗಟ್ಟಲೆ ಹಿಡಿದು ನೋಡಿವೆ. 2008ರಲ್ಲಿ ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ ಪುರಾವೆಗಳನ್ನೆಲ್ಲ ಜಾಲಾಡಿ, ಇದರಿಂದ ಶಾಲೆ ಹೆಚ್ಚು ಸುರಕ್ಷಿತವಾದದ್ದು ಕಾಣುವುದಿಲ್ಲ ಅಂತ ವರದಿ ಕೊಟ್ಟಿತು. ಶಿಕ್ಷೆ ದೊಡ್ಡದಾದಷ್ಟೂ ಮಕ್ಕಳು ಹೇಳುವುದಕ್ಕೆ ಹೆದರುತ್ತಾರೆ, ಶಿಕ್ಷಕರು ಬರೆದುಕೊಳ್ಳುವುದಕ್ಕೆ ಹೆದರುತ್ತಾರೆ. ಒಂದು ಮಗುವಿನ ಓದು ಹಾಳಾಗುತ್ತದಲ್ಲ ಅಂತ ಮುಖ್ಯೋಪಾಧ್ಯಾಯರು ಕಣ್ಣು ಮುಚ್ಚುತ್ತಾರೆ. ಮೂರು ದಿನ ಸಸ್ಪೆಂಡ್ ಆಗಿ ವಾಪಸು ಬಂದವನು ತನ್ನ ದಂಡಿನ ಕಣ್ಣಲ್ಲಿ ಜೈಲಿಗೆ ಹೋಗಿ ಬಂದ ನಾಯಕ. ಅಪ್ಪನನ್ನು ಕರೆಸಿ ಎಲ್ಲರೆದುರು ಮಾನ ತೆಗೆದರೆ ಅಪ್ಪ ಮನೆಯಲ್ಲಿ ಬೆಲ್ಟು ತೆಗೆಯುತ್ತಾನೆ, ಬೆಲ್ಟಿನ ಬಾಕಿ ಮಾರನೇ ದಿನ ಯಾರ ಮೇಲೆ ತೀರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊಡೆತ, ಸುಲಿಗೆ, ಲೈಂಗಿಕ ಕಿರುಕುಳದಂಥ ಅಪರಾಧವಾದರೆ ಮಾತೇ ಬೇರೆ, ಅಲ್ಲಿ ಕಾನೂನಿನ ಕೆಲಸ ಕಾನೂನು ಮಾಡಬೇಕು. ಶಾಲೆ ಮುಚ್ಚಿಡುವ ಹಾಗಿಲ್ಲ. ನಾನು ಹೇಳುತ್ತಿರುವುದು ದಿನನಿತ್ಯದ, ಸಾಕ್ಷಿ ಸಿಗದ, ಅಡ್ಡಹೆಸರಿನ, ಬ್ಯಾಗ್ ಬಚ್ಚಿಡುವ, ಪಕ್ಕ ಕೂರಿಸಿಕೊಳ್ಳದ ಕಾಟದ ಬಗ್ಗೆ. ಹೆಚ್ಚಿನದು ಅದೇ.

ಈಗ ಆ 'ಎಲ್ಲಾ ನಕ್ರು' ಅನ್ನುವ ಮಾತಿಗೆ ಬರುತ್ತೇನೆ.

ಕೆನಡಾದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಅವರ ಜೊತೆಯವರು ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕು ಸಿಕ್ಕಿಸಿ ಚಿತ್ರೀಕರಣ ಮಾಡಿದರು. 2001ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆಯ ಪ್ರಕಾರ, ಇಂಥ ಘಟನೆಗಳಲ್ಲಿ 88 ಶೇಕಡಾ ಸಂದರ್ಭದಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ನಡುವೆ ಬಂದು ತಡೆದದ್ದು 19 ಶೇಕಡಾ ಮಾತ್ರ. ಹಾಗೆ ತಡೆದಾಗ ಏನಾಯಿತು ಗೊತ್ತೇ? ಅರ್ಧಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡಿನೊಳಗೆ ಕಾಟ ನಿಂತುಹೋಯಿತು.

ಹತ್ತು ಸೆಕೆಂಡು! ನನ್ನ ಏಳು ನಿಮಿಷದ ನ್ಯಾಯಕ್ಕೆ ಆಗದ ಕೆಲಸ.

ಕಾಟ ಕೊಡುವ ಮಗು ಆಡುತ್ತಿರುವುದು ಎದುರಿಗಿರುವ ಒಬ್ಬನಿಗಾಗಿ ಅಲ್ಲ, ಸುತ್ತ ನೆರೆದವರಿಗಾಗಿ. ಇಂಥವರಿಗೆ ಒಳಗೊಳಗೇ ಕೀಳರಿಮೆ, ಪಾಪ, ಅದಕ್ಕೇ ಹೀಗಾಡುತ್ತಾರೆ ಅನ್ನುವ ಮಾತು ತುಂಬ ಚಲಾವಣೆಯಲ್ಲಿದೆ. ಓಲ್ವೆಯುಸ್ ಅಳೆದು ನೋಡಿದಾಗ ಅಂಥದ್ದೇನೂ ಸಿಗಲಿಲ್ಲ. ಮನೆಯಲ್ಲಿ ಪೆಟ್ಟು ತಿಂದು ಬಂದು ಇಲ್ಲಿ ತೀರಿಸುವವರು ಇದ್ದಾರೆ, ನಿಜ. ಆದರೆ ನನ್ನ ತರಗತಿಗಳಲ್ಲಿ ಕಂಡವರಲ್ಲಿ ಅರ್ಧ ಮಂದಿ ಚೂಟಿ ಮಕ್ಕಳು. ಯಾರ ಹತ್ತಿರ ಏನು ಹೇಳಿದರೆ ಎಲ್ಲರೂ ನಗುತ್ತಾರೆ, ಯಾರನ್ನು ಮುಟ್ಟಿದರೆ ಯಾರೂ ಕೇಳುವುದಿಲ್ಲ ಅಂತ ನಿಖರವಾಗಿ ಲೆಕ್ಕ ಹಾಕಬಲ್ಲವರು. ಶಿಕ್ಷಕರ ಮುದ್ದಿನವರೂ ಹೌದು. ಅಂಥವರಿಗೆ ಬೇಕಾದದ್ದು ಆ ನಗು. ಅದು ನಿಂತರೆ ಆಟದ ರುಚಿಯೇ ಹೋಗುತ್ತದೆ.

ಫಿನ್ಲೆಂಡಿನಲ್ಲಿ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದು ಇದನ್ನೇ. ತರಗತಿಯಲ್ಲಿ ಒಬ್ಬ ಕಾಟ ಕೊಡುತ್ತಿದ್ದರೆ ಮಿಕ್ಕವರೆಲ್ಲ ಒಂದೊಂದು ಪಾತ್ರದಲ್ಲಿರುತ್ತಾರೆ. ಕೆಲವರು ಕೈ ಜೋಡಿಸುವವರು, ಕೆಲವರು ನಕ್ಕು ಹುರಿದುಂಬಿಸುವವರು, ಕೆಲವರು ನಮಗ್ಯಾಕೆ ಅಂತ ದೂರ ಸರಿಯುವವರು, ಕೆಲವರು ನೊಂದವರ ಪರ ನಿಲ್ಲುವವರು. ಇದರ ಮೇಲೆ ತುರ್ಕು ವಿಶ್ವವಿದ್ಯಾಲಯದವರು 'ಕಿವಾ' ಅನ್ನುವ ಕಾರ್ಯಕ್ರಮ ಕಟ್ಟಿದರು. ಫಿನ್ನಿಶ್ ಭಾಷೆಯಲ್ಲಿ ಕಿವಾ ಅಂದರೆ ಚಂದ, ಹಿತ ಅಂತ. 'ಕಾಟದ ವಿರುದ್ಧ' ಅನ್ನುವ ಎರಡು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದರೂ ಅದೇ ಪದ ಬರುತ್ತದೆ. 2009ರಿಂದ ಅದು ಆ ದೇಶದ ಶಾಲೆಗಳಲ್ಲಿ ವ್ಯಾಪಕವಾಗಿ ಹರಡಿತು. ಗುರಿ ನಡುವಿನವರು, ನೋಡಿ ನಗುವವರು. ತರಗತಿಯ ಪಾಠ, ಕಂಪ್ಯೂಟರ್ ಆಟ ಎಲ್ಲ ಅವರಿಗಾಗಿ. ಇಂಥ ಪ್ರಕರಣ ಬಂದಾಗ ನೋಡಿಕೊಳ್ಳಲು ಶಾಲೆಯಲ್ಲಿ ಮೂವರು ದೊಡ್ಡವರ ತಂಡ ಇರುತ್ತದೆ. ಅವರು ನೊಂದ ಮಗುವಿನ ಹತ್ತಿರ ಬೇರೆ ಮಾತಾಡುತ್ತಾರೆ, ಕಾಟ ಕೊಟ್ಟವರ ಹತ್ತಿರ ಬೇರೆ. ಇದರ ಜೊತೆಗೆ ಕ್ಲಾಸ್ ಟೀಚರ್ ಇನ್ನೊಂದು ಕೆಲಸ ಮಾಡುತ್ತಾರೆ, ಅದು ನನಗೆ ಬಹಳ ಹಿಡಿಸಿತು: ತರಗತಿಯಲ್ಲಿ ಮನಸ್ಸೂ ಒಳ್ಳೆಯದಿರುವ, ಮಾತಿಗೆ ಬೆಲೆಯೂ ಇರುವ ಎರಡರಿಂದ ನಾಲ್ಕು ಮಕ್ಕಳನ್ನು ಕರೆದು, ಈ ಮಗುವಿನ ಜೊತೆ ಸ್ವಲ್ಪ ಇರಿ ಅನ್ನುತ್ತಾರೆ. ಅವರು ನ್ಯಾಯ ಹೇಳಬೇಕಾಗಿಲ್ಲ, ಜಗಳಕ್ಕೆ ಹೋಗಬೇಕಾಗಿಲ್ಲ. ಪಕ್ಕ ಕೂತರಾಯಿತು, ಆಟಕ್ಕೆ ಕರೆದರಾಯಿತು.

ಕಾಟ ಕೊಟ್ಟ ಮಗುವಿನ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದರಲ್ಲಿ ಎರಡು ಪಂಥ. ನೀನು ಮಾಡುತ್ತಿರುವುದು ಗೊತ್ತಿದೆ, ಇವತ್ತಿಗೆ ನಿಲ್ಲಬೇಕು ಅಂತ ನೇರವಾಗಿ ಹೇಳುವವರು ಒಂದು ಕಡೆ. ಅವನು ಯಾಕೋ ಸೊರಗಿದ್ದಾನೆ, ನಮಗೆ ಚಿಂತೆಯಾಗಿದೆ, ನಿನ್ನಿಂದ ಏನಾದರೂ ಆಗುತ್ತದೆಯೇ ಅಂತ ಸುತ್ತಿ ಬರುವವರು ಇನ್ನೊಂದು ಕಡೆ. ಫಿನ್ಲೆಂಡಿನವರು ಎರಡನ್ನೂ ಹೋಲಿಸಿ ನೋಡಿದಾಗ ಒಟ್ಟಾರೆ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೇಷ್ಟ್ರ ಸ್ವಭಾವಕ್ಕೆ ಯಾವುದು ಒಗ್ಗುತ್ತದೋ ಅದು. ನಾನಾದರೆ ನೇರವಾಗಿ ಹೇಳುತ್ತೇನೆ. ಆದರೆ 'ಅವನು ಬಂದು ಹೇಳಿದ' ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನುವುದಿಲ್ಲ. 'ನನಗೆ ಗೊತ್ತಾಗಿದೆ' ಅನ್ನುತ್ತೇನೆ. ಹೇಳಿದ ಹೊರೆಯನ್ನು ಮಗುವಿನ ಹೆಗಲಿಂದ ಇಳಿಸಿ ನನ್ನ ಹೆಗಲಿಗೆ ಹಾಕಿಕೊಳ್ಳಬೇಕಾದದ್ದು ನಾನೇ ತಾನೇ.

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಒಂದನೇ ತರಗತಿಯಿಂದಲೇ ನಾವು ಮಕ್ಕಳಿಗೆ 'ಚಾಡಿ ಹೇಳಬೇಡ' ಅಂತ ಕಲಿಸುತ್ತೇವೆ. ಮೂವತ್ತು ನಲವತ್ತು ಮಕ್ಕಳು ಸರ್ ಸರ್, ಮಿಸ್ ಮಿಸ್ ಅಂತ ಪೆನ್ಸಿಲ್ಲಿಗೂ ರಬ್ಬರಿಗೂ ದೂರು ತಂದರೆ ಯಾರಿಗಾದರೂ ತಲೆ ಕೆಡುತ್ತದೆ, ಸರಿಯೇ. ಆದರೆ ಕನ್ನಡದಲ್ಲಿ ಎರಡು ಪದ ಇದೆ, ಚಾಡಿ ಬೇರೆ, ದೂರು ಬೇರೆ. ಇನ್ನೊಬ್ಬನನ್ನು ಬೈಸಲು ಹೇಳಿದ್ದು ಚಾಡಿ. ಕಷ್ಟದಲ್ಲಿರುವವನನ್ನು ಬಿಡಿಸಲು ಹೇಳಿದ್ದು ದೂರು. ಈ ವ್ಯತ್ಯಾಸ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ನಾವು ಎರಡನ್ನೂ ಒಂದೇ ಗದರಿಕೆಯಲ್ಲಿ ಮುಚ್ಚಿಸಿ, ಹತ್ತನೇ ತರಗತಿಯಲ್ಲಿ 'ನೀವ್ಯಾರೂ ಮೊದಲೇ ಯಾಕೆ ಹೇಳಲಿಲ್ಲ?' ಅಂತ ಕೇಳುತ್ತೇವೆ.

ಇನ್ನೂ ಒಂದು, ಇದನ್ನು ಓದಿ ಹಳೆಯ ಸಹೋದ್ಯೋಗಿಗಳು ಬೇಸರ ಮಾಡಿಕೊಳ್ಳಬಹುದು. ಡುಮ್ಮಿ, ಕಡ್ಡಿ, ಕರಿಯ, ಸೋಡಾಬುಡ್ಡಿ: ತರಗತಿಯಲ್ಲಿ ಈ ಹೆಸರುಗಳನ್ನು ಮೊದಲು ಇಟ್ಟವರು ಎಷ್ಟೋ ಸಲ ನಾವೇ. ತಪ್ಪು ಓದಿದವನ ಓದನ್ನು ಅಣಕಿಸಿ ತೋರಿಸಿ ಇಡೀ ತರಗತಿಯನ್ನು ನಗಿಸಿದ್ದೇವೆ. ಆ ನಗುವಿನಿಂದ ಮಕ್ಕಳು ಕಲಿತದ್ದು ವ್ಯಾಕರಣವನ್ನಲ್ಲ. ಯಾರನ್ನು ನೋಡಿ ನಗಬಹುದು ಅನ್ನುವುದಕ್ಕೆ ಪರವಾನಗಿ ಪಡೆದರು. ಪೋಸ್ಟರ್ ಅಂಟಿಸುವ, ಪ್ರತಿಜ್ಞೆ ಮಾಡಿಸುವ ಮೊದಲು ಸ್ಟಾಫ್ ಮೀಟಿಂಗಿನಲ್ಲಿ ಇದೊಂದು ಮಾತು ಆಗಲಿ.

ಅಪ್ಪ ಅಮ್ಮಂದಿರಿಗೆ ಒಂದೇ ವಿನಂತಿ. 'ನೀನೂ ತಿರುಗಿಸಿ ಒಂದು ಕೊಡು' ಅಂತ ಹೇಳಿಕೊಡಬೇಡಿ. ಕೊಡಲು ಆಗುತ್ತಿದ್ದರೆ ಅದು ಎಂದೋ ಕೊಟ್ಟಿರುತ್ತಿತ್ತು. ಆ ಮಾತಿನಿಂದ ಮಗುವಿಗೆ ಈಗ ಎರಡು ಸೋಲು, ಒಂದು ಶಾಲೆಯಲ್ಲಿ, ಇನ್ನೊಂದು ನಿಮ್ಮೆದುರು.

ಮೊಬೈಲಿನ ವಿಷಯ. ಗೇಟಿನ ಹೊರಗೆ ನಡೆದದ್ದಕ್ಕೆ ನಾವು ಜವಾಬ್ದಾರರಲ್ಲ ಅನ್ನುವ ಶಾಲೆಗಳಿವೆ. ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡಿದ ಫೋಟೋ ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಪಿಸುಗುಟ್ಟುತ್ತಿರುತ್ತದೆ, ಗೇಟಿಗೆ ಅದು ಗೊತ್ತಿಲ್ಲ. ಮನೆಯವರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಸಿಟ್ಟಿನಲ್ಲಿ ಅಳಿಸಬೇಡಿ. ಶಾಲೆ ಅದನ್ನು ನೋಡಲಿ.

ಮಕ್ಕಳಾಟ, ದೊಡ್ಡವರಾದಂತೆ ಮರೆಯುತ್ತಾರೆ ಅನ್ನುವವರಿಗೆ ಬ್ರಿಟನ್ನಿನ ಒಂದು ಅಧ್ಯಯನ ನೆನಪಿಸುತ್ತೇನೆ. 1958ರ ಮಾರ್ಚ್‌ನ ಒಂದು ವಾರದಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಜೀವನದುದ್ದಕ್ಕೂ ಹಿಂಬಾಲಿಸುತ್ತ ಬಂದಿದ್ದಾರೆ. ಏಳು ಮತ್ತು ಹನ್ನೊಂದನೇ ವಯಸ್ಸಿನಲ್ಲಿ ಈ ಮಗುವಿಗೆ ಬೇರೆ ಮಕ್ಕಳ ಕಾಟ ಇದೆಯೇ ಅಂತ ಹೆತ್ತವರನ್ನು ಕೇಳಿದ್ದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪದೇ ಪದೇ ಕಾಟಕ್ಕೆ ಗುರಿಯಾಗಿದ್ದವರಲ್ಲಿ ನಲವತ್ತೈದನೇ ವಯಸ್ಸಿನಲ್ಲೂ ಖಿನ್ನತೆ ಹೆಚ್ಚು, ಐವತ್ತರಲ್ಲೂ ಆಪ್ತರ ಆಸರೆ ಕಡಿಮೆ ಇತ್ತು. ಯುನೆಸ್ಕೋ 2019ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನ ಶಾಲಾಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹಿಂದಿನ ಒಂದೇ ತಿಂಗಳಲ್ಲಿ ಸಹಪಾಠಿಗಳಿಂದ ಪೀಡನೆ ಅನುಭವಿಸಿದವರು. ನಿಮ್ಮ ತರಗತಿಯ ಬೆಂಚುಗಳನ್ನು ಒಂದು ಸಲ ಎಣಿಸಿ ನೋಡಿ.

ಕಾರ್ಯಕ್ರಮ ಜಾರಿ ಮಾಡಿದರೆ ಎಲ್ಲ ಮುಗಿಯಿತು ಅಂತಲೂ ಇಲ್ಲ. ಕಾಟ ಕಡಿಮೆಯಾದ ತರಗತಿಯಲ್ಲಿ ಇನ್ನೂ ಕಾಟ ತಿನ್ನುತ್ತಿರುವ ಒಂದೋ ಎರಡೋ ಮಕ್ಕಳ ಸ್ಥಿತಿ ಮೊದಲಿಗಿಂತ ಕೆಡಬಹುದು ಅಂತ ಸಂಶೋಧಕರೇ ಕಂಡುಕೊಂಡಿದ್ದಾರೆ. ಎಲ್ಲರಿಗೂ ಆಗುತ್ತಿದ್ದಾಗ ಇದು ಶಾಲೆಯ ಗ್ರಹಚಾರ ಅನ್ನಬಹುದಿತ್ತು. ಈಗ ನನಗೊಬ್ಬನಿಗೇ, ಹಾಗಾದರೆ ದೋಷ ನನ್ನಲ್ಲೇ ಇದೆ ಅನ್ನಿಸುತ್ತದೆ. ಅದಕ್ಕೇ ಎರಡು ವಾರದ ನಂತರ, ಮತ್ತೆ ಒಂದು ತಿಂಗಳ ನಂತರ ತಿರುಗಿ ಕೇಳಬೇಕು. ಇದನ್ನು ಯಾರೂ ಮಾಡುವುದಿಲ್ಲ, ನಾನಂತೂ ಮಾಡಲಿಲ್ಲ.

ಕೇಳುವುದಾದರೂ 'ಈಗ ಎಲ್ಲ ಸರಿ ಇದೆಯಾ?' ಅಂತ ಕೇಳಬೇಡಿ. ಅದಕ್ಕೆ 'ಸರಿ ಇದೆ ಸರ್' ಅನ್ನುವ ಉತ್ತರ ಮಗುವಿನ ನಾಲಿಗೆ ತುದಿಯಲ್ಲೇ ಇರುತ್ತದೆ. ಕೊನೆಕೊನೆಯ ವರ್ಷಗಳಲ್ಲಿ ನಾನು ಬೇರೆ ಪ್ರಶ್ನೆ ಕಲಿತೆ: ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ? ಆಟದಲ್ಲಿ ಯಾವ ಕಡೆ ಇದ್ದೆ? ಹೆಸರು ಥಟ್ಟನೆ ಬಂದರೆ ನೆಮ್ಮದಿ. ಮಗು ಕಿಟಕಿ ಕಡೆ ನೋಡಿದರೆ ಕೆಲಸ ಇನ್ನೂ ಬಾಕಿ.

ಬೇರೆ ಶಾಲೆಗೆ ಹೋದ ಆ ಹುಡುಗ ಫೇಸ್‌ಬುಕ್‌ನಲ್ಲಿ ಇದ್ದಾನೋ ಇಲ್ಲವೋ, ಹುಡುಕಿದ್ದೇನೆ, ಸಿಕ್ಕಿಲ್ಲ. ಬೆರಳು ಹಿಂಡಿದವನು ಇದ್ದಾನೆ, ನನ್ನ ಸ್ನೇಹಿತರ ಪಟ್ಟಿಯಲ್ಲೇ. ಪ್ರತಿ ವರ್ಷ ಶಿಕ್ಷಕರ ದಿನಾಚರಣೆಗೆ ತಪ್ಪದೆ ಶುಭಾಶಯ ಕಳಿಸುತ್ತಾನೆ. 'ನಮ್ಮನ್ನು ತಿದ್ದಿದ ಗುರುಗಳಿಗೆ' ಅಂತ ಬರೆದಿರುತ್ತಾನೆ. ನಾನೂ ಪ್ರತಿ ವರ್ಷ ಧನ್ಯವಾದ ಅಂತ ಟೈಪ್ ಮಾಡಿ, ಮುಂದೆ ಇನ್ನೊಂದು ಸಾಲು ಬರೆಯಲು ಹೋಗಿ, ಅಳಿಸಿ, ಕಳಿಸುತ್ತೇನೆ.